ಅಕ್ಕೋರೆ ಅಂದವನ ಧ್ವನಿ

ನಿಟ್ಟುವಳ್ಳಿಯ ನಮ್ಮ ಶಾಲೆಯ ಆಫೀಸಿನಲ್ಲಿ ಫೋನ್ ಎತ್ತುವವಳು ನಾನು. ಟೀಚರ್ ಅಲ್ಲ. ಬಿ.ಎಡ್. ಮುಗಿಸಿ, ಎರಡು ಸಲ ನೇಮಕಾತಿ ಪರೀಕ್ಷೆ ಬರೆದು, ವಯಸ್ಸು ಮೀರಿದ ಮೇಲೆ ಸಿಕ್ಕ ಕುರ್ಚಿ ಇದು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಆದ ಅನಾಹುತಕ್ಕೆ ಬೀಗದ ಕೈ ಅದೇ ಆಯಿತು.

ನಮ್ಮ ಕಡೆ ಹಳೇ ಮಂದಿ ಪಾಠ ಹೇಳುವ ಹೆಣ್ಣುಮಕ್ಕಳನ್ನು 'ಅಕ್ಕೋರೆ' ಅಂತ ಕರೆಯುತ್ತಾರೆ. ಈಗಿನವರ ಬಾಯಲ್ಲಿ ಅದು ಮಿಸ್ ಆಗಿದೆ, ಮೇಡಂ ಆಗಿದೆ. ಆದರೂ ಯಾವುದಾದರೂ ಅಜ್ಜಿ ಮೊಮ್ಮಗನನ್ನು ಬಿಡಲು ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು 'ಅಕ್ಕೋರೆ' ಅಂದರೆ ಒಂದನೇ ಕ್ಲಾಸಿನ ಟೀಚರ್ ಮುಖ ಅರಳುತ್ತದೆ. ಹದಿನೇಳು ವರ್ಷ ನಾನು ಅದನ್ನು ಕಿಟಕಿಯಿಂದ ನೋಡಿದ್ದೇನೆ. ನನ್ನನ್ನು ಹಾಗೆ ಯಾರೂ ಕರೆದದ್ದಿಲ್ಲ. ನಾನು ಆಫೀಸಿನ ಮೇಡಂ, ಸಿಟ್ಟು ಬಂದವರಿಗೆ 'ಆ ಕ್ಲರ್ಕಮ್ಮ'.

ಶಾಲೆ ಶುರುವಾದ ವಾರದಲ್ಲೇ ಒಬ್ಬ ತಾಯಿ ಮೂರನೇ ಕ್ಲಾಸಿನ ಮಗಳ ಟಿ.ಸಿ. ಕೇಳಿಕೊಂಡು ಬಂದಿದ್ದಳು. ಗಂಡನ ಮನೆ ಬಿಟ್ಟು ಬಂದವಳು. ಕೈಯಲ್ಲಿ ಕೋರ್ಟಿನ ಆದೇಶದ ಪ್ರತಿ ಇತ್ತು, ಮಗು ತಾಯಿಯ ಹತ್ತಿರವೇ ಇರಬೇಕು, ತಂದೆ ಹತ್ತಿರ ಸುಳಿಯಬಾರದು ಅಂತ. ಆ ತಂದೆಯನ್ನು ನಾನು ಬಲ್ಲೆ. ಹಿಂದಿನ ವರ್ಷ ಮಗಳನ್ನು ಈಗಲೇ ಕಳಿಸಿ ಎಂದು ಬಂದು, ಆಗುವುದಿಲ್ಲ ಎಂದಾಗ ನನ್ನ ಟೇಬಲ್ಲಿನ ಗಾಜು ಒಡೆದು ಹೋಗಿದ್ದ. ಅವನ ಧ್ವನಿ ಕೇಳಿದರೆ ಈಗಲೂ ನನಗೆ ಗುರುತು ಹತ್ತುತ್ತದೆ.

"ಎಲ್ಲಿಗೆ ಹೋದ್ವಿ ಅಂತ ಯಾರಿಗೂ ಹೇಳಬ್ಯಾಡ್ರಿ ಮೇಡಂ. ಅವನ ಕೈಗೆ ಸಿಕ್ರೆ ಈ ಸಲ ಮಗೀನ ಉಳಿಸಲ್ಲ," ಅಂದಿದ್ದಳು ಆಕೆ. ನಾನು ದಾಖಲಾತಿ ರಿಜಿಸ್ಟರಿನಲ್ಲಿ ಆ ಹುಡುಗಿಯ ಹೆಸರಿನ ಮುಂದೆ ಕೆಂಪು ಇಂಕಿನಲ್ಲಿ 'ಮಾಹಿತಿ ಕೊಡಕೂಡದು' ಅಂತ ಬರೆದು ಅಡಿಗೆರೆ ಎಳೆದೆ. ಆ ಅಕ್ಷರ ನನ್ನದೇ.

ಮೊದಲ ಫೋನ್ ಬಂದದ್ದು ಒಂದು ಸೋಮವಾರ. "ನಮಸ್ಕಾರ ಅಕ್ಕೋರೆ, ಇಲಾಖೆ ಆಫೀಸಿನ ಡಾಟಾ ಸೆಕ್ಷನ್ನಿಂದ," ಅಂದ. ದೊಡ್ಡ ಧ್ವನಿಯಲ್ಲ, ಮನೆ ಮಾತು. ಮೂರನೇ ಕ್ಲಾಸಿನಲ್ಲಿ ಒಟ್ಟು ಎಷ್ಟು ಮಕ್ಕಳು ಅಂತ ಕೇಳಿದ. ಅದು ನಮ್ಮ ನೋಟಿಸ್ ಬೋರ್ಡಿನಲ್ಲೇ ಇದೆ, ಹೇಳಿದೆ. ನನ್ನ ಹೆಸರು ಕೇಳಿದ, ಅದನ್ನೂ ಹೇಳಿದೆ. ಆಮೇಲೆ, ನಾನು ಅಕ್ಕೋರಲ್ಲ, ಆಫೀಸಿನಾಕೆ ಎಂದು ತಿದ್ದಿದೆ. ಅವನು ನಕ್ಕ.

"ಶಾಲಿ ನಡೆಸೋರು ನೀವೇ ಅಲ್ಲೇನ್ರಿ? ಪಾಠ ಯಾರು ಬೇಕಾದ್ರೂ ಹೇಳ್ತಾರೆ."

ಆ ದಿನವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ. ಸಂಜೆ ರೊಟ್ಟಿ ತಟ್ಟುತ್ತಾ ಮನೆಯವರಿಗೂ ಹೇಳಿದೆ, ಇಲಾಖೆಯಲ್ಲೂ ಮನುಷ್ಯರಿದ್ದಾರೆ ಕಣ್ರೀ ಅಂತ. ಅವರು ಟಿವಿ ನೋಡುತ್ತಾ ಹೂಂ ಅಂದರು.

ಎರಡನೆಯದು ಮರುದಿನ. ಈ ಸಲ ಅವನೇ ಉಪಕಾರ ಮಾಡಿದ. ಆ ವಾರದಲ್ಲೇ ಮಕ್ಕಳ ಆನ್‌ಲೈನ್ ದಾಖಲೆಗಳನ್ನು ಮೇಲಿನವರು ಪರಿಶೀಲಿಸುತ್ತಾರೆ, ತಂದೆಯ ಹೆಸರು, ಹುಟ್ಟಿದ ದಿನ ಇವೆಲ್ಲ ಸರಿ ಇವೆಯೇ ನೋಡಿಟ್ಟುಕೊಳ್ಳಿ, ನಾನು ಹೇಳಿದೆ ಅಂತ ಮಾತ್ರ ಎಲ್ಲೂ ಬಾಯಿ ಬಿಡಬೇಡಿ ಎಂದ. ನಾನು ಅಂದೇ ಕೂತು ನೋಡಿದರೆ ನಿಜಕ್ಕೂ ನಾಲ್ಕು ತಪ್ಪು ಸಿಕ್ಕವು! ಯಾವ ಶಾಲೆಯ ದಾಖಲೆಯಲ್ಲಿ ಹುಡುಕಿದರೂ ನಾಲ್ಕು ತಪ್ಪು ಸಿಗುತ್ತವೆ ಎಂಬ ಬುದ್ಧಿ ಆಗ ಓಡಲಿಲ್ಲ. ಅವನು ಮಾತಾಡುವಾಗ ಹಿಂದೆ ಯಾರೋ "ಆ ಫೈಲು ಎಲ್ರೀ?" ಅಂತ ಗದರುತ್ತಿದ್ದರು. ಪಾಪ, ಇವನೂ ನನ್ನ ಹಾಗೇ ಯಾರದೋ ಬಾಯಿಗೆ ಸಿಕ್ಕ ಗುಮಾಸ್ತ ಅಂದುಕೊಂಡೆ. ಮಾತಿನ ನಡುವೆ, ನಮ್ಮ ಹೆಡ್ ಮೇಡಂ ಯಾವಾಗ ಸಿಗುತ್ತಾರೆ ಎಂದು ಕೇಳಿದ. ಗುರುವಾರ ಮಾತ್ರ ಸಿಗುವುದಿಲ್ಲ, ಮೀಟಿಂಗ್ ಇದೆ ಅಂದೆ.

ಮೂರನೆಯ ಫೋನ್ ಗುರುವಾರವೇ ಬಂತು, ಬಿಸಿಯೂಟದ ಗಂಟೆ ಹೊಡೆಯುವ ಹೊತ್ತಿಗೆ. ಮಕ್ಕಳ ಗದ್ದಲದಲ್ಲಿ ಒಂದು ಕಿವಿಗೆ ಬೆರಳಿಟ್ಟುಕೊಂಡು ಮಾತಾಡಿದೆ. ಟಿ.ಸಿ. ತಗೊಂಡ ಮೂರು ಮಕ್ಕಳ ಲೆಕ್ಕ ತಾಳೆಯಾಗುತ್ತಿಲ್ಲ, ಸಾಹೇಬರು ತಲೆ ಮೇಲೆ ಕೂತಿದ್ದಾರೆ, ಅಂದ. ಮೊದಲ ಹುಡುಗ ಚನ್ನಗಿರಿಗೆ ಹೋಗಿದ್ದಾನಲ್ಲವೇ ಎಂದು ಕೇಳಿದ. ಅಲ್ಲ, ಜಗಳೂರು, ಎಂದು ತಿದ್ದಿದೆ. ಎರಡನೆಯದನ್ನೂ ತಪ್ಪು ಹೇಳಿದ, ಅದನ್ನೂ ತಿದ್ದಿದೆ. ತಪ್ಪು ಕಂಡರೆ ತಿದ್ದದೆ ಬಿಡಲಾರದ ಕೈ ನನ್ನದು. ಮದುವೆ ಪತ್ರಿಕೆಯಲ್ಲಿ ಒತ್ತಕ್ಷರ ತಪ್ಪಿದ್ದರೂ ಪೆನ್ನು ಹುಡುಕುವವಳು ನಾನು.

"ಮೂರನೇ ಮಗು ರಾಣೇಬೆನ್ನೂರು ಅಂತ ತೋರಿಸ್ತೈತೆ. ಸರಿ ಐತಲ್ರೀ?"

ರಿಜಿಸ್ಟರಿನಲ್ಲಿ ಬೆರಳು ಕೆಂಪು ಅಕ್ಷರದ ಮೇಲೆ ನಿಂತಿತು. ಇದೊಂದನ್ನು ನಾನು ಹೇಳುವಂತಿಲ್ಲ ಎಂದೆ. ಅವನು ಒತ್ತಾಯಿಸಿದ್ದರೆ ಖಂಡಿತ ಫೋನ್ ಇಡುತ್ತಿದ್ದೆ. ಅವನು ಹಾಗೆ ಮಾಡಲಿಲ್ಲ.

"ಹೇಳಬ್ಯಾಡ್ರಿ ಅಕ್ಕೋರೆ, ನಿಮಗ್ಯಾಕ ತೊಂದರೆ? ರಾಣೇಬೆನ್ನೂರು ಅಂತಲೇ ಒತ್ತಿಬಿಡ್ತೀನಿ. ಈಗ ಓದೋ ಶಾಲ್ಯಾಗೆ ಮಗೀನ ಹೆಸರು ಹಾರಿಹೋಗ್ತೈತೆ ಅಷ್ಟೇ. ಪುಸ್ತಕ, ಊಟ ಈ ವರ್ಷ ಇಲ್ಲ ಅಂದ್ಕೊಂಡ್ರಾಯ್ತು."

"ಅಯ್ಯೋ ಬ್ಯಾಡ್ರಿ, ರಾಣೇಬೆನ್ನೂರಲ್ಲ, ಹರಿಹರ," ಅಂದೆ. ಊರಿನ ಹಿಂದೆಯೇ ಶಾಲೆಯ ಹೆಸರೂ ಬಂತು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನನ್ನ ಬಾಯಿಂದ ತೆಗೆದುಕೊಂಡ. ಆ ಮಗುವಿಗೆ ಒಳ್ಳೆಯದು ಮಾಡಿದೆನೆಂಬ ಸಮಾಧಾನದಲ್ಲೇ ನಾನು ಬುತ್ತಿ ಬಿಚ್ಚಿದೆ.

ಎರಡೂಕಾಲಿಗೆ ನಮ್ಮ ಸಿಆರ್‌ಪಿ ಬಂದರು. ಸಿಆರ್‌ಪಿ ಅಂದರೆ ಸುತ್ತಲಿನ ಹತ್ತಾರು ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯ ಮೇಷ್ಟ್ರು. ಮೊಟ್ಟೆ ಹಂಚಿದ ಪಟ್ಟಿಗೆ ಸಹಿ ಹಾಕುತ್ತಿದ್ದವರಿಗೆ ಚಹಾ ಕೊಟ್ಟು, ನಿಮ್ಮ ಡಾಟಾ ಸೆಕ್ಷನ್ನಿನವರು ಬಹಳ ಒಳ್ಳೆಯವರು ಸರ್, ನನ್ನನ್ನೂ ಅಕ್ಕೋರೆ ಅಂತಾರೆ ಎಂದೆ. ಅವರು ಪೆನ್ನು ನಿಲ್ಲಿಸಿದರು.

"ಯಾವ ಡಾಟಾ ಸೆಕ್ಷನ್ ಮೇಡಂ? ಅಲ್ಲಿ ಇರೋದು ಒಬ್ಬಾಕಿ ಹೆಣ್ಮಗಳು. ಆಕಿನೂ ಹೆರಿಗೆ ರಜೆ ಮ್ಯಾಲೆ ಹೋಗ್ಯಾಳೆ." ಚಹಾದ ಲೋಟ ಕೆಳಗಿಟ್ಟು ಕೇಳಿದರು, "ಅಲ್ಲಾ, ನಮ್ಮ ಆಫೀಸ್ನಾಗೆ ನಿಮಗೆ ಅಕ್ಕೋರೆ ಅನ್ನೋರು ಯಾರದಾರೆ?"

ನಿಜ. ಯಾರಿದ್ದಾರೆ? ಅಲ್ಲಿ ಎಲ್ಲರಿಗೂ ನಾನು ಮೇಡಂ. ಅವನ ನಂಬರಿಗೆ ತಿರುಗಿ ಫೋನ್ ಮಾಡಿದರೆ ಸ್ವಿಚ್ ಆಫ್. ರಿಜಿಸ್ಟರಿನಲ್ಲಿದ್ದ ತಾಯಿಯ ನಂಬರು ಚಾಲ್ತಿಯಲ್ಲಿರಲಿಲ್ಲ, ಗಂಡನಿಗೆ ಹೆದರಿ ಆಕೆ ಸಿಮ್ ಬದಲಿಸಿದ್ದಳು. ಹೆಡ್ ಮೇಡಂ ಮೀಟಿಂಗಿನಲ್ಲಿ ಫೋನ್ ಎತ್ತಲಿಲ್ಲ. ಉಳಿದದ್ದು ಹರಿಹರದ ಶಾಲೆ. ಟಿ.ಸಿ. ಮುಟ್ಟಿದೆ ಎಂದು ಅವರು ಕಳಿಸಿದ್ದ ಪತ್ರದ ತಲೆಯಲ್ಲಿ ನಂಬರಿತ್ತು. ಹತ್ತು ಅಂಕಿ ಸರಿಯಾಗಿ ಒತ್ತಲು ಮೂರು ಸಲ ಬೇಕಾಯಿತು.

ಅಲ್ಲಿನ ಹೆಡ್ ಮೇಡಂ ಎತ್ತಿದರು. ನನ್ನ ಹೆಸರು, ಶಾಲೆಯ ಹೆಸರು ಹೇಳಿದೆ.

"ಮತ್ಯಾಕ ಮಾಡಿದ್ರಿ? ಒಂದು ತಾಸಿನ ಹಿಂದೆ ನಿಮ್ಮ ಶಾಲೆಯೋರೇ ಮಾಡಿದ್ರಲ್ರೀ. ಅಜ್ಜಿಗೆ ಸೀರಿಯಸ್ ಐತೆ, ಮೂರೂವರಿಗೆ ಚಿಕ್ಕಪ್ಪ ಬರ್ತಾರೆ, ಕಳಿಸಿಕೊಡ್ರಿ ಅಂತ. ಯಾರೋ ಮೇಷ್ಟ್ರು, ನಿಮ್ಮ ಹೆಸರು ಹೇಳೇ ಮಾತಾಡಿದ್ರು."

ಅದು ನಾವಲ್ಲ, ಅದು ಮೋಸ, ಕಳಿಸಬೇಡಿ ಎಂದು ಒಂದೇ ಉಸಿರಿಗೆ ಹೇಳಿದೆ. ಆಕೆಯ ಧ್ವನಿ ಬಿಗಿಯಾಯಿತು. ಮನೆಯಲ್ಲಿ ಜಗಳವಿದೆ, ಕಳಿಸಬೇಡಿ ಅಂತ ಇನ್ನೊಂದು ಫೋನ್ ಬಂದೇ ಬರುತ್ತದೆ, ಅದನ್ನು ನಂಬಬೇಡಿ, ಎಂದು ಆ ಮೊದಲ ಫೋನಿನವರೇ ಹೇಳಿಟ್ಟಿದ್ದರಂತೆ!

ಆ ಕ್ಷಣದ ಹೆದರಿಕೆ ಬೇರೆಯೇ. ಅಲ್ಲಿಯವರೆಗೆ ನಾನು ಹೆದರಿದ್ದು ಅವನಿಗೆ. ಈಗ ನನ್ನ ಮಾತಿಗೇ ಹೆದರಿದೆ. ನಾನು ಬೇಡಿಕೊಂಡಷ್ಟೂ ಆಕೆಯ ಅನುಮಾನ ಬಲಿಯುತ್ತಿತ್ತು. ಹುಡುಗಿಯ ಹುಟ್ಟಿದ ದಿನ ಹೇಳಿದೆ, ದಾಖಲಾತಿ ನಂಬರ್ ಹೇಳಿದೆ. ಅವೆಲ್ಲ ಅವರೂ ಹೇಳಿದರು ಅಂದರು. ಸುಳ್ಳು ಹೇಳಿದವನು ನನಗಿಂತ ಚೆನ್ನಾಗಿ ಮಾತಾಡಿದ್ದ. ಗಡಿಯಾರದಲ್ಲಿ ಎರಡೂ ನಲವತ್ತು. ಇನ್ನು ಐವತ್ತು ನಿಮಿಷಕ್ಕೆ ಆ ಮಗು ಅವರ ಕೈಗೆ ಹೋಗುತ್ತದೆ, ಮತ್ತು ಕೊಟ್ಟವಳು ನಾನೇ ಆಗಿರುತ್ತೇನೆ.

ಎದುರಿಗೆ ಕೂತ ಸಿಆರ್‌ಪಿ ಮೇಷ್ಟ್ರು, ಫೋನ್ ನನಗೆ ಕೊಡಿ ಎಂದು ಕೈಸನ್ನೆ ಮಾಡಿದರು. ಕೊಟ್ಟಿದ್ದರೆ ಏನಾಗುತ್ತಿತ್ತು? ಇನ್ನೊಂದು ಅಪರಿಚಿತ ಗಂಡು ಧ್ವನಿ, ನಾನೂ ಇಲಾಖೆಯವನೇ ಅನ್ನುತ್ತಿತ್ತು. ಬೇಡವೆಂದು ತಲೆಯಾಡಿಸಿದೆ. ನಂಬಿಸುವ ಆಸೆಯನ್ನೇ ಅಲ್ಲಿ ಕೈಬಿಟ್ಟೆ.

"ಮೇಡಂ, ನನ್ನನ್ನೂ ನಂಬಬ್ಯಾಡ್ರಿ," ಅಂದೆ. "ಫೋನ್ನಾಗೆ ಯಾರು ಏನು ಹೇಳಿದ್ರೂ ಬಿಟ್ಟಾಕ್ರಿ. ತಾಯಿ ನಂಬರು ನಿಮ್ಮ ರಿಜಿಸ್ಟರ್ನಾಗೇ ಐತೆ, ನೀವೇ ಆಕಿಗೆ ಮಾಡ್ರಿ. ತಾಯಿ ಮುಖ ನೋಡೋತನಕ ತಲೆ ಮ್ಯಾಲೆ ತಲೆ ಬಿದ್ರೂ ಗೇಟ್ ತೆಗೀಬ್ಯಾಡ್ರಿ. ನಾನು ಬರ್ತೀನಿ, ನನಗೂ ತೆಗೀಬ್ಯಾಡ್ರಿ."

ಆಕೆ "ನೋಡ್ತೀನಿ," ಎಂದು ಇಟ್ಟರು.

ತಾಯಿ ಕೊಟ್ಟಿದ್ದ ಕೋರ್ಟಿನ ಆದೇಶದ ಪ್ರತಿಯನ್ನು ಸಿಆರ್‌ಪಿ ಮೇಷ್ಟ್ರಿಗೆ ಕೊಟ್ಟು ಪೊಲೀಸರಿಗೆ ತಿಳಿಸಲು ಹೇಳಿ ಹೊರಗೆ ಓಡಿದೆ. ರಜೆ ಚೀಟಿ ಬರೆಯದೆ ಆಫೀಸು ಬಿಟ್ಟದ್ದು ಹದಿನೇಳು ವರ್ಷದಲ್ಲಿ ಅದೇ ಮೊದಲು. ಬೇವಿನ ಮರದ ಕೆಳಗೆ, ಎಲ್ಲರೂ ಚಾಚಾ ಅನ್ನುವ ಆಟೋದವರು ತಮ್ಮ ಗಾಡಿಯಲ್ಲಿ ಕಾಲು ಚಾಚಿ ಮಲಗಿದ್ದರು. ನಮ್ಮ ಶಾಲೆಯ ಅರ್ಧ ಮಕ್ಕಳನ್ನು ಮನೆ ಮುಟ್ಟಿಸುವವರು ಅವರು. ಈ ಹುಡುಗಿಯನ್ನೂ ಎರಡು ವರ್ಷ ಕರೆದೊಯ್ದಿದ್ದರು. ಹೇಳಿದ್ದಷ್ಟು ಕೇಳಿ, ಸಂಜೆಯ ಮಕ್ಕಳನ್ನು ಇನ್ನೊಬ್ಬ ಆಟೋದವನಿಗೆ ಒಪ್ಪಿಸಿ, "ಘಾಬರಿ ಆಗಬ್ಯಾಡ್ರಿ ಮೇಡಂ, ಕೂಡ್ರಿ," ಅಂದರು.

ಹರಿಹರ ಹದಿನಾಲ್ಕು ಕಿಲೋಮೀಟರು. ದಿನಾ ಎಷ್ಟೋ ಜನ ಓಡಾಡುವ ದಾರಿ. ಅಂದು ಅದು ಮುಗಿಯಲೇ ಇಲ್ಲ. ಪ್ರತಿ ಬಸ್ಸಿನ ಹಿಂದೆ ಆಟೋ ನಿಧಾನವಾದಾಗ ನಾನು ಮುಂದಿನ ಕಂಬಿಯನ್ನು ಕೈಯಿಂದ ತಳ್ಳುತ್ತಿದ್ದೆ, ಅದರಿಂದ ಗಾಡಿ ಓಡುತ್ತದೆಯೋ ಎಂಬಂತೆ. ಆ ಶಾಲೆಗೆ ಮತ್ತೆರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಯಾರ ಫೋನನ್ನೂ ನಂಬಬೇಡಿ ಎಂದು ಹೇಳಿದವಳು ನಾನೇ, ಎತ್ತದಿದ್ದರೆ ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಮ್ಮವ್ವ ಗಳಿಗೆಗೊಮ್ಮೆ ಅನ್ನುತ್ತಿದ್ದಳು. ನನಗೆ ಆಗೆಲ್ಲ ರೇಗುತ್ತಿತ್ತು.

ಮೂರೂ ಇಪ್ಪತ್ತೈದಕ್ಕೆ ಮುಟ್ಟಿದೆವು. ಗಲ್ಲಿಯ ಕೊನೆಗೆ ಶಾಲೆ. ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿತ್ತು. ಅದನ್ನು ನೋಡಿ ಕಣ್ಣು ತುಂಬಿತು. ಒಳಗೆ ಆಯಾ ನಿಂತಿದ್ದಳು, ಆಕೆಯ ಹಿಂದೆ ಹೆಡ್ ಮೇಡಂ ಇರಬೇಕು, ಬೀಗದ ಕೈ ಹಿಡಿದ ಒಬ್ಬ ಹೆಂಗಸು. ಹೊರಗೆ ಒಬ್ಬನೇ ಗಂಡಸು. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ, ಕೈಯಲ್ಲಿ ಬಾಳೆಹಣ್ಣು ಮತ್ತು ಬನ್ನಿನ ಚೀಲ. ಅವನ ತಂದೆಗೋ ತಾಯಿಗೋ ಹುಷಾರಿಲ್ಲವೆಂದರೆ ಯಾರಾದರೂ ನಂಬುವಂಥ ಮುಖ. ನಾನು ಗೇಟಿನ ಹತ್ತಿರ ಹೋದೆ. ಸೀರೆ, ಹೆಗಲಿಗೆ ಬ್ಯಾಗು ನೋಡಿ ಅವನು ನನ್ನನ್ನು ಅಲ್ಲಿನ ಟೀಚರ್ ಅಂದುಕೊಂಡ.

"ಅಕ್ಕೋರೆ, ಒಳಗೆ ಸ್ವಲ್ಪ ಹೇಳ್ರಿ. ಅಜ್ಜಿ ಜೀವ ಹಿಡಕೊಂಡು ಮೊಮ್ಮಗಳ ದಾರಿ ಕಾಯಾಕತ್ತಾಳೆ."

ಅದೇ ಧ್ವನಿ.

ನಾನು ಬಾಯಿ ತೆರೆಯಲಿಲ್ಲ. ತೆರೆದರೆ ಅವನಿಗೂ ನನ್ನ ಧ್ವನಿ ಗುರುತು ಹತ್ತುತ್ತದೆ. ಮೂರು ದಿನ ನನ್ನ ಕಿವಿಯೊಳಗೆ ಕೂತಿದ್ದವನು ಮೊಳ ದೂರದಲ್ಲಿ ನಿಂತಿದ್ದ. ಸುಮ್ಮನೆ ತಲೆಯಾಡಿಸಿ ಗೇಟಿನ ಕಂಬಿ ಹಿಡಿದುಕೊಂಡೆ. ಗಲ್ಲಿಯ ಬಾಯಿಯ ಹತ್ತಿರ ಒಂದು ಬಿಳಿ ಕಾರು ನಿಂತಿದ್ದನ್ನು ಆಗ ಕಂಡೆ. ಸ್ಟಿಯರಿಂಗಿನ ಹಿಂದೆ ಇದ್ದವನು ನನ್ನ ಟೇಬಲ್ಲಿನ ಗಾಜು ಒಡೆದವನು.

ಅಷ್ಟರಲ್ಲಿ ಆ ಹುಡುಗಿ ನೀರು ಕುಡಿಯಲು ನಲ್ಲಿಯ ಹತ್ತಿರ ಬಂದಳು. ಬಾಟಲಿ ಹಿಡಿದವಳು ಗೇಟಿನ ಕಡೆ ನೋಡಿದಳು, ಮುಖ ಅರಳಿತು.

"ಕಾಕಾ!"

ಓಡಿ ಬಂದಳು. ಅವನು ನಿಜವಾಗಿಯೂ ಆಕೆಯ ಚಿಕ್ಕಪ್ಪ, ತಂದೆಯ ಸ್ವಂತ ತಮ್ಮ. ಕಂಬಿಯ ನಡುವೆ ಕೈ ತೂರಿಸಿ ಬನ್ನು ಕೊಟ್ಟ, ತಲೆ ಸವರಿದ. ಪ್ರೀತಿಯಿಂದಲೇ ಸವರಿದ. ಹೆಡ್ ಮೇಡಂ ಮುಖದ ಬಿಗಿ ಸಡಿಲವಾಯಿತು. "ಮಗು ಗುರ್ತು ಹಿಡೀತಲ್ಲ," ಎಂದು ಆಯಾಗೆ ಹೇಳಿ ಬೀಗಕ್ಕೆ ಕೈ ಹಾಕಿದರು. ತಾಯಿಗೆ ಫೋನ್ ಮಾಡಿದ್ದಾರೋ ಇಲ್ಲವೋ, ಆಕೆ ಎಲ್ಲಿದ್ದಾಳೋ ನನಗೆ ಗೊತ್ತಿರಲಿಲ್ಲ.

"ತೆಗೀಬ್ಯಾಡ್ರಿ," ಅಂದೆ. ಗಟ್ಟಿಯಾಗಿ ಬರಲಿಲ್ಲ, ಆದರೂ ಕೇಳಿತು. "ನಾನೇ ಮಧ್ಯಾಹ್ನ ಫೋನ್ ಮಾಡಿದಾಕಿ. ನನ್ನ ಬಾಯಿಂದ ಈ ಶಾಲಿ ಹೆಸರು ತಗೊಂಡ ಧ್ವನಿ ಇವರದೇ."

ಅವನು ನಿಧಾನವಾಗಿ ತಿರುಗಿದ. ಸಿಟ್ಟಿಲ್ಲ, ಅವಸರವಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

"ಓ, ನೀವಾ," ಅಂದ. "ವಿಳಾಸ ಕೊಟ್ಟೋರು ನೀವೇ ಅಲ್ಲೇನ್ರಿ ಅಕ್ಕೋರೆ? ಈಗ ಬ್ಯಾಡ ಅಂದ್ರೆ ಹೆಂಗೆ?"

ಹೆಡ್ ಮೇಡಂ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿ, "ಇಬ್ಬರೂ ಹೊರಗೇ ಇರ್ರಿ," ಎಂದು ಮಗುವಿನ ಕೈ ಹಿಡಿದು ಒಳಗೆ ಹೋದರು.

ಹತ್ತು ನಿಮಿಷ ಹಾಗೇ ನಿಂತಿದ್ದೆವು, ಅವನು ಒಂದು ಕಂಬದ ಹತ್ತಿರ, ನಾನು ಒಂದು ಕಂಬದ ಹತ್ತಿರ. ಆಮೇಲೆ ತಾಯಿ ಓಡುತ್ತಾ ಬಂದಳು. ಹೆಡ್ ಮೇಡಂ ಫೋನ್ ಮಾಡಿದ್ದು ನಿಜ, ತಾಯಿ ಅದನ್ನು ನೋಡಿದ್ದು ತಡವಾಗಿ. ಆಕೆ ಕೆಲಸ ಮಾಡುತ್ತಿದ್ದ ರೊಟ್ಟಿ ಕೇಂದ್ರ ಊರಿನ ಇನ್ನೊಂದು ತುದಿಗಿತ್ತು. ಮೊಣಕೈವರೆಗೆ ಜೋಳದ ಹಿಟ್ಟು ಹಾಗೇ ಇತ್ತು. ಆಕೆಯನ್ನು ಕಂಡದ್ದೇ ಅವನು ಚೀಲ ಕೆಳಗಿಟ್ಟು ಕಾರಿನತ್ತ ನಡೆದ. ಕಾರು ಸ್ಟಾರ್ಟ್ ಆಯಿತು, ಹೊರಡಲಿಲ್ಲ. ಗಲ್ಲಿಯ ಬಾಯಿಗೆ ಚಾಚಾ ಆಟೋವನ್ನು ಅಡ್ಡ ನಿಲ್ಲಿಸಿ, ಸೀಟು ಎತ್ತಿ ಏನೋ ರಿಪೇರಿ ಮಾಡುತ್ತಿದ್ದರು. ಹಾರ್ನ್ ಹೊಡೆದವರಿಗೆ "ಏನ್ ಮಾಡ್ಲಿ ಸಾಹೇಬ್ರೇ, ಗಾಡಿ ಬಂದ್ ಬಿದ್ದೈತೆ," ಅನ್ನುವುದು ಕೇಳುತ್ತಿತ್ತು. ಪೊಲೀಸರ ಬೈಕು ಬರುವ ತನಕ ಆ ಗಾಡಿ ರಿಪೇರಿ ಆಗಲಿಲ್ಲ.

ಸ್ಟೇಷನ್ನಿನಲ್ಲಿ ಹೇಳಿಕೆ ಬರೆದುಕೊಟ್ಟೆವು. ಹೊರಗೆ ಬಂದಾಗ ತಾಯಿ ಮಗಳನ್ನು ಸೊಂಟಕ್ಕೆ ಅವುಚಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಎಂಟು ವರ್ಷದ ಹುಡುಗಿಯನ್ನು ಕೂಸಿನ ಹಾಗೆ ಹಿಡಿದಿದ್ದಳು. ನಾನು ಕೈ ಮುಗಿದೆ. ತಪ್ಪಾಯಿತು ಅಂದೆ. ಅತ್ತೆ. ಆಕೆ ಅಳಲಿಲ್ಲ.

"ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಮೇಡಂ, ನೀವು ಓಡಿ ಬಂದ್ರಿ. ಆದ್ರೆ ಇನ್ಮ್ಯಾಲೆ ನಾವೆಲ್ಲಿರ್ತೀವಿ ಅಂತ ನಿಮಗೂ ಹೇಳಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ವಾರವೇ ಆಕೆ ಹರಿಹರ ಬಿಟ್ಟಳೆಂದು ಅಲ್ಲಿನ ಹೆಡ್ ಮೇಡಂ ತಿಳಿಸಿದರು. ಸಿಕ್ಕ ಕೆಲಸ ಬಿಟ್ಟು, ಮಗಳಿಗೆ ಆದ ಗೆಳತಿಯರನ್ನು ಬಿಡಿಸಿ ಮತ್ತೊಂದು ಊರು, ಮತ್ತೊಂದು ಟಿ.ಸಿ. ಅಣ್ಣ ತಮ್ಮ ಇಬ್ಬರ ಮೇಲೂ ಕೇಸು ನಡೆಯುತ್ತಿದೆ. ನಮ್ಮ ಶಾಲೆಯವರು ನನ್ನಿಂದ ವಿವರಣೆ ಬರೆಸಿಕೊಂಡರು. ಆದದ್ದನ್ನೆಲ್ಲ ಬರೆದೆ, ಆ ಒಂದು ಪದ ನನ್ನನ್ನು ಹೇಗೆ ಉಬ್ಬಿಸಿತು ಅನ್ನುವುದನ್ನು ಬಿಟ್ಟು. ಅದನ್ನು ಇಲ್ಲೇ ಮೊದಲು ಬರೆಯುತ್ತಿರುವುದು.

ಈಗ ಮಕ್ಕಳ ವಿಷಯಕ್ಕೆ ಯಾರು ಫೋನ್ ಮಾಡಿದರೂ, ನಮ್ಮ ರಿಜಿಸ್ಟರಿನಲ್ಲಿರುವ ನಂಬರಿಗೆ ನಾನೇ ತಿರುಗಿ ಮಾಡುತ್ತೇನೆ. ಮೊನ್ನೆ ಸಾರಥಿ ಎಂಬ ಹಳ್ಳಿಯಿಂದ ಒಬ್ಬ ಅಜ್ಜ, ಮೊಮ್ಮಗನಿಗೆ ಜ್ವರ ಬಿಟ್ಟಿತೋ ಇಲ್ಲವೋ, ಶಾಲೆಗೆ ಬಂದಿದ್ದಾನೋ ಎಂದು ಕೇಳಿದರು. ಅವರ ನಂಬರು ನಮ್ಮಲ್ಲಿರಲಿಲ್ಲ. ಹೇಳಲು ಬರುವುದಿಲ್ಲ ಅಂದೆ. "ಇಷ್ಟು ಕೇಳಿದ್ದಕ್ಕೆ ನಂಬಿಕಿ ಇಲ್ಲೇನವ್ವ?" ಅಂದರು. ಅವರು ನಿಜಕ್ಕೂ ಅಜ್ಜನೇ ಇರಬೇಕು. ಆ ಇಬ್ಬರು ಅಣ್ಣತಮ್ಮಂದಿರು ಆ ಅಜ್ಜನಿಂದಲೂ ಏನೋ ಕದ್ದರು ಅನ್ನಿಸುತ್ತದೆ. ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತ ಯಾರಾದರೂ 'ಅಕ್ಕೋರೆ' ಅಂದರೆ, ಅದು ನನಗಲ್ಲ ಎಂದು ಗೊತ್ತಿದ್ದರೂ ಬೆನ್ನು ಸೆಟೆಯುತ್ತದೆ.

ಇಲಾಖೆಯ ವೆಬ್‌ಸೈಟಿನಲ್ಲಿ ಆ ಹುಡುಗಿಯ ವಿದ್ಯಾರ್ಥಿ ನಂಬರು ಹಾಕಿದರೆ ಈಗ ಯಾವ ಊರಿನ ಯಾವ ಶಾಲೆ ಅಂತ ನನಗೆ ಕಾಣುತ್ತದೆ. ನಂಬರು ಬಾಯಿಪಾಠ. ಊಟ ಸಿಗುತ್ತಿದೆಯೋ, ಪುಸ್ತಕ ಬಂತೋ ಅಂತ ನೋಡುವ ಆಸೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಒಮ್ಮೆಯೂ ಹಾಕಿಲ್ಲ. ನಾಳೆ ಯಾರಾದರೂ ಫೋನ್ ಮಾಡಿ, ಆ ಮಗು ರಾಣೇಬೆನ್ನೂರಿನಲ್ಲಿದೆ ಅಲ್ಲವೇ ಎಂದು ಕೇಳಿದರೆ, ತಿದ್ದಲು ನನ್ನ ಹತ್ತಿರ ಏನೂ ಇಲ್ಲ.